ನಕ್ಷೆಯ ಮೇಲಿನ ವೃತ್ತ ಬೆಂಕಿಯಲ್ಲ

ದಿನವಿಡೀ ಹೊಡೆದಾಡಿ ಬಸವಳಿದ ಐವರು ಸಾಹಸಿಗಳು ಕಾಡಿನ ನಡುವೆ ಬೀಡು ಬಿಡುತ್ತಾರೆ. ತಂಡದ ಮಾಂತ್ರಿಕ ಹನ್ನೊಂದು ನಿಮಿಷ ಕೂತು ‘ಲಿಯೋಮಂಡ್ಸ್ ಟೈನಿ ಹಟ್’ ಎಂಬ ಗುಡಾರದ ಮಂತ್ರ ಮುಗಿಸುತ್ತಾನೆ. ಬೋರಲು ಹಾಕಿದ ಬಟ್ಟಲಿನಂಥ ಗುಮ್ಮಟವೊಂದು 10 ಅಡಿ ತ್ರಿಜ್ಯದಲ್ಲಿ ಎದ್ದು ನಿಲ್ಲುತ್ತದೆ. ಒಳಗಿದ್ದವರಿಗೆ ಹೊರಗಿನದು ಕಾಣುತ್ತದೆ, ಹೊರಗಿನವರಿಗೆ ಒಳಗಿನದು ಕಾಣುವುದಿಲ್ಲ. ಇನ್ನು ಎಂಟು ಗಂಟೆ ನಿಶ್ಚಿಂತೆಯ ನಿದ್ದೆ. ನಡುರಾತ್ರಿ ಕೆಂಪು ಡ್ರ್ಯಾಗನ್ ಇಳಿದು ಬಂದು ಬಾಯಿ ತೆರೆಯುತ್ತದೆ. ಆಟ ನಡೆಸುವ ಡಂಜನ್ ಮಾಸ್ಟರ್ 60 ಅಡಿಯ ಶಂಕುವಿನ ಪ್ಲಾಸ್ಟಿಕ್ ಅಚ್ಚನ್ನು ನಕ್ಷೆಯ ಮೇಲೆ ಇಡುತ್ತಾನೆ. ಗುಮ್ಮಟ ಪೂರ್ತಿಯಾಗಿ ಅದರೊಳಗೆ ಬೀಳುತ್ತದೆ.

‘ಎಲ್ಲರೂ ಸೇವಿಂಗ್ ಥ್ರೋ ಹಾಕಿ.’

‘ನಾವು ಹಟ್ ಒಳಗಿದ್ದೀವಲ್ಲ ಮಾರಾಯ!’

‘ಇದ್ರೇನಾಯ್ತು? ಇದು ಏರಿಯಾ ಅಟ್ಯಾಕ್. ಯಾರಿಗೂ ಗುರಿ ಇಡಬೇಕಾಗಿಲ್ಲ. ಅಚ್ಚಿನೊಳಗೆ ಇದ್ದೋರಿಗೆಲ್ಲ ಬಿತ್ತು.’

ಪ್ರೌಢ ಕೆಂಪು ಡ್ರ್ಯಾಗನ್ನಿನ ಉಸಿರಿಗೆ ಆರು ಮುಖದ 18 ದಾಳ. ಸರಾಸರಿ ಲೆಕ್ಕ ಹಾಕಿದರೆ 63. ಈ ಗುಡಾರದ ಮಂತ್ರ ಆಗಷ್ಟೇ ಕೈಗೆ ಬಂದಿರುವ 5ನೇ ಹಂತದ ಮಾಂತ್ರಿಕನ ಬಳಿ ಇರುವುದು 30ರ ಆಚೀಚೆ ಹಿಟ್ ಪಾಯಿಂಟ್, ಅಂದರೆ ಪ್ರಾಣಬಲ. ಏಟಿನಿಂದ ಪಾರಾಗಲು ಉರುಳಿಸುವ ಸೇವಿಂಗ್ ಥ್ರೋ ಗೆದ್ದು ಅರ್ಧ ಏಟು ತಿಂದರೂ ಅವನು ಉಳಿಯುವುದು ಕಷ್ಟ. ಮಲಗಿದ್ದಲ್ಲೇ ತಂಡ ಬೂದಿಯಾಗುತ್ತದೆ, ತಿಂಗಳುಗಟ್ಟಲೆ ಬೆಳೆಸಿದ ಕಥೆ ಒಂದು ಸುತ್ತಿನಲ್ಲಿ ಮುಗಿದುಹೋಗುತ್ತದೆ.

ಮೇಜಿನ ಸುತ್ತ ಕೂತು ದಾಳ ಉರುಳಿಸಿ ಕಥೆ ಕಟ್ಟುವ ಆಟಗಳಲ್ಲಿ ಈ ತೀರ್ಪು ಈಗ ಎಷ್ಟು ಸಹಜವಾಗಿದೆಯೆಂದರೆ ಅದನ್ನು ಪ್ರಶ್ನಿಸಿದವರೇ ನಿಯಮ ಓದದವರು ಅನ್ನಿಸಿಕೊಳ್ಳುತ್ತಾರೆ. ಏರಿಯಾ ಅಟ್ಯಾಕ್ ಅಂದರೆ ನಕ್ಷೆಯ ಮೇಲೆ ಬರೆದ ಒಂದು ಆಕಾರ, ಆ ಆಕಾರದೊಳಗೆ ಸಿಕ್ಕವರಿಗೆಲ್ಲ ಏಟು, ತಡೆಯೊಂದು ಅಡ್ಡ ಇದ್ದರೆ ಆ ತಡೆಯ ಮಂತ್ರದಲ್ಲಿ ಈ ದಾಳಿಯ ಹೆಸರು ಇದೆಯೇ ಎಂದು ಹುಡುಕಬೇಕು, ಹೆಸರಿಲ್ಲದಿದ್ದರೆ ದಾಳಿ ಒಳಗೆ ನುಗ್ಗುತ್ತದೆ. ಇದು ಚಾಲ್ತಿಯಲ್ಲಿರುವ ನಂಬಿಕೆ. ಈ ನಂಬಿಕೆ ತಪ್ಪು. ನಿಯಮಪುಸ್ತಕದ ಅಕ್ಷರಕ್ಕೂ ತಪ್ಪು, ಐವತ್ತು ವರ್ಷಗಳ ಆಟದ ಪರಂಪರೆಗೂ ತಪ್ಪು, ಆಡಲು ಕೂತವರಿಗೆ ಮಾಡುವ ಅನ್ಯಾಯವೂ ಹೌದು.

ಮೊದಲು ಎದುರು ಪಕ್ಷದ ವಾದವನ್ನು ಅದರ ಪೂರ್ತಿ ಬಲದಲ್ಲೇ ಕೇಳಬೇಕು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ 2014ರ ಐದನೇ ಆವೃತ್ತಿಯಲ್ಲಿ ಗುಡಾರದ ಮಂತ್ರ ಎರಡು ಸಂಗತಿಗಳನ್ನು ತಡೆಯುತ್ತದೆ. ಮಂತ್ರ ಹಾಕುವಾಗ ಒಳಗಿರದಿದ್ದ ಜೀವಿಗಳು ಮತ್ತು ವಸ್ತುಗಳು ದಾಟಲಾರವು. ಮಂತ್ರಗಳು ಮತ್ತು ಬೇರೆ ಮಾಯಾಪರಿಣಾಮಗಳು ಅದರ ಮೂಲಕ ಹಾಯಲಾರವು. ಡ್ರ್ಯಾಗನ್ನಿನ ಉಸಿರು ಜೀವಿಯಲ್ಲ, ವಸ್ತುವಲ್ಲ, ಮಂತ್ರವೂ ಅಲ್ಲ. ಅದು ಮಾಯೆಯೇ ಎಂದು ಕೇಳಿದವರಿಗೆ ಪ್ರಕಾಶಕರಾದ ವಿಜರ್ಡ್ಸ್ ಆಫ್ ದ ಕೋಸ್ಟ್ ತಮ್ಮ ಅಧಿಕೃತ ‘ಸೇಜ್ ಅಡ್ವೈಸ್’ ಸಂಕಲನದಲ್ಲಿ ಉತ್ತರ ಕೊಟ್ಟಿದ್ದಾರೆ: ನಿಯಮದ ಮಟ್ಟಿಗೆ ಅದು ಮಾಯೆಯಲ್ಲ, ಮಾಯೆಯನ್ನೇ ಅಡಗಿಸುವ ‘ಆ್ಯಂಟಿಮ್ಯಾಜಿಕ್ ಫೀಲ್ಡ್’ ಕೂಡ ಅದನ್ನು ತಡೆಯದು. ಹಾಗಾದರೆ ಪಟ್ಟಿಯ ಯಾವ ಪದಕ್ಕೂ ಸಿಕ್ಕಿಬೀಳದ ಬೆಂಕಿ ಒಳಗೆ ಬರುತ್ತದೆ. ಮೇಲ್ನೋಟಕ್ಕೆ ಬಿರುಕಿಲ್ಲದ ವಾದ.

ಬಿರುಕು ಇರುವುದು ವಾದ ಶುರುವಾದ ಜಾಗದಲ್ಲಿ. ಗುಮ್ಮಟಕ್ಕೆ ಕೇಳುವ ಮೊದಲು ಬೆಂಕಿಗೆ ಕೇಳಬೇಕಾದ ಪ್ರಶ್ನೆಯೊಂದಿತ್ತು, ಅದನ್ನು ಕೇಳಿಯೇ ಇಲ್ಲ. ಆ ಬೆಂಕಿ ಎಲ್ಲಿಂದ ಹೊರಟಿತು, ಯಾವ ದಾರಿಯಲ್ಲಿ ಬಂತು?

ನಿಯಮಪುಸ್ತಕ ಈ ಪ್ರಶ್ನೆಗೆ ಉತ್ತರವನ್ನು ಬರೆದೇ ಇಟ್ಟಿದೆ. 2014ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ನ ಹತ್ತನೇ ಅಧ್ಯಾಯ ಹೇಳುವುದು ಇಷ್ಟು: ವ್ಯಾಪ್ತಿಯ ಪರಿಣಾಮಕ್ಕೆ ಒಂದು ಮೂಲಬಿಂದು ಇರುತ್ತದೆ. ಪರಿಣಾಮ ಅಲ್ಲಿಂದ ಸರಳರೇಖೆಗಳಲ್ಲಿ ಹರಡುತ್ತದೆ. ಮೂಲಬಿಂದುವಿನಿಂದ ಒಂದು ಜಾಗಕ್ಕೆ ತಡೆಯಿಲ್ಲದ ಒಂದೇ ಒಂದು ರೇಖೆಯೂ ತಲುಪದಿದ್ದರೆ ಆ ಜಾಗ ವ್ಯಾಪ್ತಿಯೊಳಗೆ ಸೇರುವುದೇ ಇಲ್ಲ. ರೇಖೆಯನ್ನು ತಡೆಯಲು ಬೇಕಾದದ್ದು ಟೋಟಲ್ ಕವರ್, ಅಂದರೆ ಪೂರ್ತಿ ಮರೆ. ‘ಇಲ್ಲಿ ಏಟು ಬೀಳುವುದಿಲ್ಲ’ ಎನ್ನುವುದು ಒಂದು ಮಾತು, ‘ಈ ಜಾಗ ವ್ಯಾಪ್ತಿಯಲ್ಲೇ ಇಲ್ಲ’ ಎನ್ನುವುದು ಬೇರೆ ಮಾತು. ಪುಸ್ತಕ ಎರಡನೆಯದನ್ನು ಹೇಳುತ್ತದೆ. ಅಚ್ಚಿನೊಳಗೆ ಇದ್ದವರೆಲ್ಲ ವ್ಯಾಪ್ತಿಯೊಳಗೆ ಇದ್ದಾರೆ ಎಂಬುದು ಪ್ಲಾಸ್ಟಿಕ್ ತುಂಡಿನ ಅಭಿಪ್ರಾಯವೇ ಹೊರತು ನಿಯಮದ್ದಲ್ಲ.

ಆ ಅಧ್ಯಾಯ ಮಂತ್ರಗಳದ್ದು, ಉಸಿರಿನದ್ದಲ್ಲ ಎಂದು ಕೆಲವರು ಮೊಂಡುವಾದ ಹೂಡುತ್ತಾರೆ. 2024ರ ಪರಿಷ್ಕೃತ ಪುಸ್ತಕ ಅದಕ್ಕೂ ಎಡೆ ಬಿಟ್ಟಿಲ್ಲ. ಇದೇ ನಿಯಮ ಅಲ್ಲಿ ಪದಕೋಶದ ಭಾಗವಾಗಿ, ಮಂತ್ರಗಳಿಗೂ ಇತರ ಶಕ್ತಿಗಳಿಗೂ ಒಟ್ಟಾಗಿ ಅನ್ವಯಿಸುವಂತೆ ಬಂದಿದೆ.

ಇನ್ನು ಎದುರು ಪಕ್ಷದವರು ತಮ್ಮ ಬ್ರಹ್ಮಾಸ್ತ್ರವೆಂದು ತೆಗೆಯುವ ವಾಕ್ಯವೊಂದಿದೆ. ಪೂರ್ತಿ ಮರೆಯಲ್ಲಿರುವವರನ್ನು ನೇರವಾಗಿ ಗುರಿಯಿಡಲು ಬರುವುದಿಲ್ಲ, ಆದರೆ ಕೆಲವು ಮಂತ್ರಗಳು ಅವರನ್ನು ವ್ಯಾಪ್ತಿಯೊಳಗೆ ಸೇರಿಸಿಕೊಂಡು ತಲುಪಬಲ್ಲವು ಎಂದು 2014ರ ಮರೆಯ ನಿಯಮವೇ ಹೇಳುತ್ತದೆ. ‘ನೋಡಿ, ಮರೆ ಇದ್ದರೂ ಏರಿಯಾ ಅಟ್ಯಾಕ್ ತಾಗುತ್ತದೆ’ ಎನ್ನುತ್ತಾರೆ. ಯಾರಿಂದ ಮರೆ, ಯಾವುದರಿಂದ ಮರೆ ಎಂದು ವಿಚಾರಿಸುವ ಗೋಜಿಗೇ ಹೋಗುವುದಿಲ್ಲ. ಕೋಟೆಯ ತೆನೆಯ ಹಿಂದೆ ಬಿಲ್ಲುಗಾರ ಕುಕ್ಕುರುಗಾಲಲ್ಲಿ ಕೂತಿದ್ದಾನೆ. ಕೆಳಗೆ ಬಯಲಲ್ಲಿ ನಿಂತ ಮಾಂತ್ರಿಕನಿಗೆ ಅವನು ಪೂರ್ತಿ ಮರೆ. ಮಾಂತ್ರಿಕ ಫೈರ್‌ಬಾಲನ್ನು ತೆನೆಗಿಂತ ಹತ್ತಡಿ ಮೇಲೆ, ತನಗೆ ಕಾಣುವ ಬರಿಯ ಆಕಾಶದಲ್ಲಿ ಸಿಡಿಸುತ್ತಾನೆ. ಆ ಬಿಂದುವಿನಿಂದ ಬಿಲ್ಲುಗಾರನ ನೆತ್ತಿಗೆ ಅಡ್ಡಿಯೇ ಇಲ್ಲ. ಅವನು ಸುಡುತ್ತಾನೆ, ಸುಡಲೇಬೇಕು. ವಾಕ್ಯ ಹೇಳುವುದು ಇದನ್ನು. ಮಾಂತ್ರಿಕನಿಂದ ಮರೆಯಾದವನು ಸ್ಫೋಟದ ಬಿಂದುವಿಗೆ ತೆರೆದುಕೊಂಡಿರಬಹುದು, ಅಷ್ಟೇ. ನಾಲ್ಕೂ ಕಡೆ ಮುಚ್ಚಿದ ಗುಮ್ಮಟದೊಳಗೆ ಮಲಗಿದವನಿಗೆ ಆ ವಾಕ್ಯವನ್ನು ಅನ್ವಯಿಸಿದರೆ ಹತ್ತನೇ ಅಧ್ಯಾಯದ ರೇಖೆಯ ನಿಯಮಕ್ಕೆ ಇಡೀ ಆಟದಲ್ಲಿ ಕೆಲಸವೇ ಉಳಿಯುವುದಿಲ್ಲ.

‘ವಾಲ್ ಆಫ್ ಫೋರ್ಸ್’ ವಿಷಯದಲ್ಲಿ ಪದದ ಜಗಳ ಇನ್ನೂ ಜೋರು. ಇದು 5ನೇ ಮಟ್ಟದ ಮಂತ್ರ, ಕಣ್ಣಿಗೆ ಕಾಣದ ಗೋಡೆ, ದಪ್ಪ ಕಾಲು ಇಂಚು. ಯಾವ ಏಟಿಗೂ ಜಗ್ಗದು, ‘ಡಿಸ್ಪೆಲ್ ಮ್ಯಾಜಿಕ್’ಗೆ ಕರಗದು, ‘ಡಿಸಿಂಟಿಗ್ರೇಟ್’ ಒಂದೇ ಸಲಕ್ಕೆ ಒಡೆಯುತ್ತದೆ. ಏನೊಂದೂ ಭೌತಿಕವಾಗಿ ಅದನ್ನು ದಾಟದು ಎಂದು ವಿವರಣೆ. ಹಿಡಿದುಕೊಂಡರು ನೋಡಿ ಆ ‘ಭೌತಿಕವಾಗಿ’ಯನ್ನು! ಬೆಂಕಿ ಶಕ್ತಿ, ದ್ರವ್ಯವಲ್ಲ. ಅದೂ ಅಲ್ಲದೆ ‘ರೆಸಿಲಿಯೆಂಟ್ ಸ್ಫಿಯರ್’ ಎಂಬ ಇನ್ನೊಂದು ಮಂತ್ರ ಶಕ್ತಿಯನ್ನೂ ತಡೆಯುತ್ತೇನೆಂದು ಬಾಯಿಬಿಟ್ಟು ಹೇಳುತ್ತದೆ, ಇದು ಹೇಳಿಲ್ಲ. ಆದ್ದರಿಂದ ಬೆಂಕಿ ದಾಟುತ್ತದೆ ಎಂದು ತೀರ್ಮಾನ.

ಇದೇ ಅಳತೆಗೋಲನ್ನು ‘ವಾಲ್ ಆಫ್ ಸ್ಟೋನ್’ ಮುಂದೆ ಹಿಡಿಯಲಿ. ಆ ಮಂತ್ರದಲ್ಲಿ ಎಬ್ಬಿಸುವುದು ಘನವಾದ ಕಲ್ಲಿನ ಗೋಡೆ. ಅದು ಬೆಂಕಿಯನ್ನು ತಡೆಯುತ್ತದೆ, ಮಿಂಚನ್ನು ತಡೆಯುತ್ತದೆ, ಶಕ್ತಿಯನ್ನು ತಡೆಯುತ್ತದೆ ಎಂದು ಅಲ್ಲೂ ಒಂದಕ್ಷರವಿಲ್ಲ. ಹಾಗೆಂದು ಕಲ್ಲಿನ ಗೋಡೆಯ ಮೂಲಕ ಫೈರ್‌ಬಾಲ್ ಹಾಯುತ್ತದೆ ಎಂದು ಹೇಳುವ ಡಂಜನ್ ಮಾಸ್ಟರ್ ಎಲ್ಲಿದ್ದಾನೆ? ಕಲ್ಲಿಗೆ ಸಾಮಾನ್ಯ ನಿಯಮ ಸಾಕು, ಮಾಯಾಗೋಡೆಗೆ ಮಾತ್ರ ಪ್ರತಿ ಪದಕ್ಕೂ ಸಾಕ್ಷಿ ಬೇಕು ಎನ್ನುವುದು ಎಲ್ಲಿಯ ನ್ಯಾಯ? ಗೋಡೆ ಏನೇನನ್ನು ತಡೆಯುತ್ತದೆ ಎಂಬ ಪಟ್ಟಿಯನ್ನು ರೇಖೆಯ ನಿಯಮ ಕೇಳುವುದಿಲ್ಲ. ನಡುವೆ ಘನವಾದ ಅಡ್ಡಿ ಇದೆಯೇ ಎಂದಷ್ಟೇ ಕೇಳುತ್ತದೆ.

ಕಾಣದ ಗೋಡೆ ಮರೆ ಹೇಗಾದೀತು ಎಂಬ ಪ್ರಶ್ನೆಗೆ ಒಂದಿಷ್ಟು ತೂಕವಿತ್ತು ಎಂದು ಒಪ್ಪಲೇಬೇಕು. 2014ರ ಪುಸ್ತಕ ಪೂರ್ತಿ ಮರೆಯನ್ನು ವಿವರಿಸುವಾಗ ಅಡ್ಡಿಯ ಹಿಂದೆ ಅಡಗಿಹೋಗುವುದರ ಬಗ್ಗೆ ಮಾತಾಡಿತ್ತು. ಪಾರದರ್ಶಕ ಗೋಡೆಯ ಹಿಂದೆ ಯಾರೂ ಅಡಗುವುದಿಲ್ಲ. 2024ರಲ್ಲಿ ಆ ಪದವೇ ಹೋಯಿತು. ಗುರಿಯನ್ನು ಪೂರ್ತಿಯಾಗಿ ಮುಚ್ಚುವ ವಸ್ತು ಇದ್ದರೆ ಪೂರ್ತಿ ಮರೆ ಎಂದಾಯಿತು. ಕಣ್ಣಿಗೆ ಕಾಣುವುದು ಬೇರೆ, ದಾರಿ ಇರುವುದು ಬೇರೆ. ಬಸ್ಸಿನ ಗಾಜಿನಾಚೆ ಕೂತವರನ್ನು ಎಲ್ಲರೂ ನೋಡಬಹುದು, ಗಾಜು ಮುಚ್ಚಿದ್ದರೆ ಕೈಕುಲುಕಲು ಆಗುವುದಿಲ್ಲ.

ಪರಂಪರೆಯ ಮಾತು ಎತ್ತುವವರೂ ಇದ್ದಾರೆ. ಹಿಂದಿನಿಂದಲೂ ವೃತ್ತ ಇಟ್ಟು ಎಣಿಸಿದ್ದೇವೆ ಎನ್ನುತ್ತಾರೆ. ವೃತ್ತ ಬಂದದ್ದು ಯುದ್ಧದ ಆಟಗಳಿಂದ ಎಂಬುದು ನಿಜ. ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ಪ್ರಕಟಿಸಿದ ‘ಚೈನ್‌ಮೇಲ್’ನಲ್ಲಿ ಮಾಂತ್ರಿಕನ ಬೆಂಕಿಯುಂಡೆಗೆ ದೊಡ್ಡ ಕವಣೆಯಂತ್ರದ ಕಲ್ಲು ಬಿದ್ದಷ್ಟೇ ವ್ಯಾಪ್ತಿ ಕೊಟ್ಟಿದ್ದರು. ಬಯಲಲ್ಲಿ ಸಾಲುಗಟ್ಟಿ ನಿಂತ ಪುಟಾಣಿ ಸೈನಿಕರಿಗೆ ಅದು ಸಾಕಿತ್ತು. ಆದರೆ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಆಟವನ್ನು ನೆಲಮಾಳಿಗೆಗೆ ಇಳಿಸಿದರು. ಅಲ್ಲಿ ಎಲ್ಲ ಕಡೆಯೂ ಗೋಡೆ. ಅಂದಿನಿಂದ ಬೆಂಕಿ ಜಾಗದ ಆಕಾರಕ್ಕೆ ತಕ್ಕಂತೆ ನಡೆಯತೊಡಗಿತು.

ಹೇಗೆ ನಡೆಯಿತೆಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ‘ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ಫೈರ್‌ಬಾಲ್ 20 ಅಡಿ ತ್ರಿಜ್ಯದ ಗೋಳ, ಗಾತ್ರ ಸುಮಾರು 33,000 ಘನ ಅಡಿ. ಜಾಗ ಸಾಲದಿದ್ದರೆ ಬೆಂಕಿ ಕುಗ್ಗುವುದಿಲ್ಲ, ಅಷ್ಟೂ ಗಾತ್ರ ತುಂಬುವವರೆಗೆ ಸಿಕ್ಕಿದ ಕಡೆ ಹರಿಯುತ್ತದೆ. 10 ಅಡಿ ಅಗಲ, 10 ಅಡಿ ಎತ್ತರದ ಸುರಂಗದಲ್ಲಿ ಸಿಡಿಸಿದರೆ ಒಟ್ಟು 330 ಅಡಿ ಉದ್ದಕ್ಕೆ ಬೆಂಕಿ, ಒಂದೊಂದು ದಿಕ್ಕಿಗೆ 165 ಅಡಿ. ಗೋಡೆ ತಡೆದ ಬೆಂಕಿ ಸಿಡಿಸಿದವನ ಕಡೆಗೇ ತಿರುಗಿ ಬಂದು ಅವನ ಗಡ್ಡ ಸುಡುತ್ತಿತ್ತು. ಮಿಂಚಿನ ಮಂತ್ರವೂ ಗೋಡೆಗೆ ಬಡಿದು ಪುಟಿದು ಹಿಂದಿರುಗುತ್ತಿತ್ತು. ಇದರಲ್ಲಿ ಗೋಡೆಯನ್ನು ಲೆಕ್ಕಿಸದ ವೃತ್ತ ಎಲ್ಲಿದೆ?

2003ರ ಮೂರೂವರೆ ಆವೃತ್ತಿ ಇನ್ನೂ ಖಚಿತ. ಅದರಲ್ಲಿ ‘ಬರ್ಸ್ಟ್’ ಬೇರೆ, ‘ಸ್ಪ್ರೆಡ್’ ಬೇರೆ. ಮೊದಲನೆಯದು ನೇರ ಹೋಗುತ್ತದೆ, ಎರಡನೆಯದು ಮೂಲೆ ತಿರುಗುತ್ತದೆ, ಫೈರ್‌ಬಾಲ್ ಎರಡನೆಯ ಜಾತಿ. ಅದು ಬಟಾಣಿ ಗಾತ್ರದ ಕೆಂಡವಾಗಿ ಹಾರುತ್ತದೆ, ನಡುವೆ ಏನಾದರೂ ತಗುಲಿದರೆ ಅಲ್ಲೇ ಸಿಡಿಯುತ್ತದೆ. ಅಡ್ಡ ಇದ್ದ ತಡೆ ಸುಟ್ಟು ಮುರಿದರೆ ಬೆಂಕಿ ಮುಂದಕ್ಕೆ ಹೋಗುತ್ತದೆ, ಮುರಿಯದಿದ್ದರೆ ಅಲ್ಲೇ ನಿಲ್ಲುತ್ತದೆ. ಚಾಪೆಯ ತಟ್ಟಿಗೂ ಕಲ್ಲಿನ ಗೋಡೆಗೂ ಇರುವ ವ್ಯತ್ಯಾಸ ಈ ಒಂದು ನಿಯಮದಲ್ಲಿ ಬಂತು. ಗ್ರಿಡ್‌ನ ಚೌಕಗಳನ್ನೇ ನಂಬಿದ, ಫೈರ್‌ಬಾಲನ್ನೂ ಚೌಕವಾಗಿಸಿದ 2008ರ ನಾಲ್ಕನೇ ಆವೃತ್ತಿಯೂ ಸ್ಫೋಟದ ಮೂಲಚೌಕದಿಂದ ಗುರಿಗೆ ತಡೆಯಿಲ್ಲದ ದಾರಿ ಇರಬೇಕೆಂದು ವಿಧಿಸಿತು.

ಬೇರೆ ಆಟಗಳಲ್ಲೂ ಇದೇ ತಿಳಿವಳಿಕೆ. 1989ರಲ್ಲಿ ಶುರುವಾದ ‘ಷ್ಯಾಡೋರನ್’ನಲ್ಲಿ ಮುಚ್ಚಿದ ಕೋಣೆಯೊಳಗೆ ಗ್ರೆನೇಡ್ ಸಿಡಿದರೆ ಮೊದಲು ನೋಡುವುದು ಗೋಡೆ ತಡೆದುಕೊಂಡಿತೇ ಎಂದು. ತಡೆದುಕೊಂಡರೆ ಅಲೆ ಗೋಡೆಯಿಂದ ಗೋಡೆಗೆ ಪುಟಿದು ಒಳಗಿದ್ದವರಿಗೆ ಮತ್ತೆ ಮತ್ತೆ ಬಡಿಯುತ್ತದೆ. ಆಟಗಾರರು ಅದಕ್ಕೆ ‘ಚಂಕಿ ಸಾಲ್ಸಾ’ ಎನ್ನುತ್ತಾರೆ, ಒಳಗಿದ್ದವರ ಗತಿ ಏನಾಗುತ್ತದೆಂದು ಹೆಸರೇ ಹೇಳುತ್ತದೆ. ಹೊರಗಿದ್ದವರನ್ನು ಉಳಿಸಿದ ಗೋಡೆಯೇ ಒಳಗಿದ್ದವರನ್ನು ಕೊಂದಿತು. ಸ್ಫೋಟ ಒಂದು ಬಿಂದುವಿನಿಂದ ಹೊರಟು ಚಲಿಸುತ್ತದೆ ಎಂದು ತಿಳಿದವರು ಮಾತ್ರ ಇಂಥ ನಿಯಮ ಬರೆಯಬಲ್ಲರು.

ಹಾಗಾದರೆ ಪ್ರತಿ ತಡೆಯೂ ಪ್ರತಿ ದಾಳಿಯನ್ನು ನಿಲ್ಲಿಸಬೇಕೇ? ಖಂಡಿತ ಇಲ್ಲ. ಗೊಂದಲಕ್ಕೆಲ್ಲ ಮೂಲ ಎರಡು ಜಾತಿಯ ತಡೆಗಳನ್ನು ಒಂದೇ ಹಗ್ಗಕ್ಕೆ ಕಟ್ಟಿರುವುದು. ಒಂದು ಜಾತಿ ನೆರಳು ಬೀಳಿಸುತ್ತದೆ. ಕಲ್ಲಿನ ಗೋಡೆ, ವಾಲ್ ಆಫ್ ಫೋರ್ಸ್, ಗುಡಾರದ ಗುಮ್ಮಟ ಈ ಜಾತಿ. ಇವು ಘನವಾದವು, ಒಳಗಿರುವವರನ್ನಷ್ಟೇ ಅಲ್ಲದೆ ತಮ್ಮ ಹಿಂದಿರುವವರನ್ನೂ ಕಾಯುತ್ತವೆ. ಇನ್ನೊಂದು ಜಾತಿ ವ್ಯಾಪ್ತಿಯಲ್ಲಿ ತೂತು ಕೊರೆಯುತ್ತದೆ. 6ನೇ ಮಟ್ಟದ ‘ಗ್ಲೋಬ್ ಆಫ್ ಇನ್‌ವಲ್ನರಬಿಲಿಟಿ’ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಮಿನುಗುವ ಗೋಳ, ಬಾಣ ಅದರೊಳಗೆ ಹಾಯುತ್ತದೆ, ಮನುಷ್ಯ ನಡೆದುಹೋಗಬಹುದು. ಹೊರಗಿನಿಂದ ಹಾಕಿದ, 5ನೇ ಮಟ್ಟದವರೆಗಿನ ಮಂತ್ರಗಳ ವ್ಯಾಪ್ತಿಯಿಂದ ತನ್ನೊಳಗಿನ ಜಾಗವನ್ನು ಮಾತ್ರ ಅದು ಹೊರಗಿಡುತ್ತದೆ.

ಗುಡಾರದ ಬೆನ್ನಿಗೆ ಒಂದು ಕುದುರೆ ಕಟ್ಟಿದೆ, ಗ್ಲೋಬಿನ ಬೆನ್ನಿಗೆ ಇನ್ನೊಂದು ಎಂದಿಟ್ಟುಕೊಳ್ಳಿ. ಎರಡರ ಮುಂದೆಯೂ ಯಾರೋ ಮಾಂತ್ರಿಕ ಶಂಕುವಿನಾಕಾರದ ಶೀತದ ಮಂತ್ರ ‘ಕೋನ್ ಆಫ್ ಕೋಲ್ಡ್’ ಬೀಸುತ್ತಾನೆ, ಅದು 5ನೇ ಮಟ್ಟದ್ದು. 2014ರ ನಿಯಮದಂತೆ ಗುಡಾರದೊಳಗಿನವರು ಕ್ಷೇಮ, ಹಿಂದಿನ ಕುದುರೆಗೂ ರೇಖೆ ತಲುಪದಿದ್ದರೆ ಅದೂ ಕ್ಷೇಮ. ಗ್ಲೋಬಿನೊಳಗಿನವರು ಕ್ಷೇಮ, ಅದರ ಹಿಂದಿನ ಕುದುರೆ ಹೆಪ್ಪುಗಟ್ಟಿ ಸಾಯುತ್ತದೆ, ಏಕೆಂದರೆ ಗ್ಲೋಬ್ ಘನವಲ್ಲ, ಅದರ ಹಿಂದೆ ನೆರಳಿಲ್ಲ. ಇನ್ನು ಡ್ರ್ಯಾಗನ್ ಬಂದು ಉಸಿರು ಬಿಟ್ಟರೆ ಗ್ಲೋಬಿನೊಳಗಿನವರೂ ಸುಡುತ್ತಾರೆ. ಉಸಿರು ಮಂತ್ರವಲ್ಲ, ಗ್ಲೋಬ್ ತಡೆಯುವುದು ಮಂತ್ರವನ್ನು ಮಾತ್ರ. ಪದ ಹಿಡಿದು ಓದುವವರು ಇಲ್ಲಿ ಸರಿ, ಸಂಪೂರ್ಣ ಸರಿ. ತೂತಿನ ಜಾತಿಗೆ ಸಲ್ಲುವ ಓದನ್ನು ನೆರಳಿನ ಜಾತಿಯ ಮೇಲೂ ಹೇರಿದ್ದೇ ಅವರ ತಪ್ಪು. ಮೂರನೆಯ ಬಗೆಯೂ ಇದೆ: ‘ಷೀಲ್ಡ್’, ‘ಮೇಜ್ ಆರ್ಮರ್’ ಥರದವು. ಅವು ಕತ್ತಿಯ ಏಟು ತಪ್ಪಿಸಲು ನೆರವಾಗುತ್ತವೆಯೇ ಹೊರತು ಫೈರ್‌ಬಾಲ್ ಮುಂದೆ ಅವುಗಳ ಆಟ ನಡೆಯದು. ಅದರಲ್ಲಿ ಯಾರಿಗೂ ತಕರಾರಿಲ್ಲ.

ನೆರಳಿನ ಜಾತಿಗೂ ಮಿತಿಯಿದೆ, ರೇಖೆಯ ಪರ ನಿಂತವರು ಅದನ್ನು ಮುಚ್ಚಿಡಬಾರದು. 2014ರ ಫೈರ್‌ಬಾಲ್ ಮೂಲೆ ತಿರುಗುತ್ತದೆ. ಬಯಲಲ್ಲಿ 10 ಅಡಿ ಅಗಲ, 10 ಅಡಿ ಎತ್ತರದ ಒಂದೇ ಹಲಗೆಯಷ್ಟು ವಾಲ್ ಆಫ್ ಫೋರ್ಸ್ ನಿಲ್ಲಿಸಿ, ಅದರ ನಡುವಿಗೆ 5 ಅಡಿ ಹಿಂದೆ ಕೂತವನು ಸುರಕ್ಷಿತನಲ್ಲ. ಗೋಡೆಗೆ 5 ಅಡಿ ಮುಂದೆ ನೆಲಮಟ್ಟದಲ್ಲಿ ಸಿಡಿದ ಬೆಂಕಿಗೆ ಅಂಚು ಬಳಸಿ ಅವನನ್ನು ಮುಟ್ಟಲು ಸುಮಾರು 14 ಅಡಿ ಹೋದರೆ ಸಾಕು, ಅದರ ಕೈಯಲ್ಲಿ 20 ಅಡಿ ಇದೆ. ಗೋಡೆಯನ್ನು 30 ಅಡಿ ಅಗಲಕ್ಕೆ ಎಳೆದರೆ ಅಂಚಿನ ದಾರಿ 31 ಅಡಿ ದಾಟುತ್ತದೆ, ಮೇಲಿನಿಂದ ಹತ್ತಿ ಇಳಿಯುವ ದಾರಿಯೂ 22 ಅಡಿ, ಅವನು ಬದುಕುತ್ತಾನೆ. ನಿಜವಾದ ಜಾಣ್ಮೆಗೆ ಜಾಗ ಇರುವುದು ಇಂಥ ಕಡೆ. ಎಷ್ಟು ಅಗಲ, ಎಲ್ಲಿ, ಯಾವ ಕೋನದಲ್ಲಿ ಎಂದು ಆಟಗಾರ ತಲೆ ಓಡಿಸುತ್ತಾನೆ. 2024ರ ಪುಸ್ತಕ ಫೈರ್‌ಬಾಲಿನ ಮೂಲೆ ತಿರುಗುವ ಮಾತನ್ನು ಕೈಬಿಟ್ಟಿರುವುದು ಬೇಸರದ ಸಂಗತಿ, ಆದರೆ ಅದರಿಂದ ಗೋಡೆಯ ಬಲ ಹೆಚ್ಚಿತೇ ವಿನಾ ಕಡಿಮೆಯಾಗಲಿಲ್ಲ. ಮುಚ್ಚಿದ ಗುಮ್ಮಟಕ್ಕಂತೂ ತಿರುಗಲು ಅಂಚೇ ಇಲ್ಲ.

ಆಟ ಬೇಗ ಸಾಗಬೇಕು, ರೇಖೆ ಎಳೆಯುತ್ತ ಕೂತರೆ ರಾತ್ರಿಯೆಲ್ಲ ಅದೇ ಆದೀತು ಎಂಬ ಆಕ್ಷೇಪಕ್ಕೆ ಉತ್ತರ ಸುಲಭ. ಮಂತ್ರದ ವಿವರದಲ್ಲಿ ಒಂದು ಪದಕ್ಕಾಗಿ ಅರ್ಧ ಗಂಟೆ ಜಗಳವಾಡುವುದಕ್ಕಿಂತ ಮೂಲಬಿಂದುವಿನಿಂದ ಗೊಂಬೆಗೆ ಒಂದು ದಾರ ಹಿಡಿಯುವುದು ಬೇಗ ಆಗುತ್ತದೆ.

ಕೊನೆಗೆ ಉಳಿಯುವುದು ಬಹಳ ಮಂದಿ ಡಂಜನ್ ಮಾಸ್ಟರ್‌ಗಳು ಬಾಯಿಬಿಟ್ಟು ಹೇಳದ ಕಾರಣ: ಗುಡಾರ ಅತಿ ಬಲಶಾಲಿ, ರಾತ್ರಿಯ ಅಪಾಯವನ್ನೇ ಅಳಿಸಿಹಾಕುತ್ತದೆ, ಹೇಗಾದರೂ ಅದನ್ನು ಒಡೆಯಬೇಕು. ಅಸಮಾಧಾನ ನ್ಯಾಯವಾದದ್ದೇ. ಅದಕ್ಕೆ ಮಾಡಿಕೊಂಡ ಉಪಾಯ ಮಾತ್ರ ಚಾಪೆಯ ಕೆಳಗಲ್ಲ, ರಂಗೋಲಿಯ ಕೆಳಗೆ ನುಸುಳಿದಂತೆ. ಬಲ ಹೆಚ್ಚಾಯಿತು ಅನ್ನಿಸಿದಾಗ ರಚನಕಾರರು ಏನು ಮಾಡಿದರು ನೋಡಿ. 2024ರಲ್ಲಿ ಮಂತ್ರವನ್ನೇ ತಿದ್ದಿದರು. ಮಂತ್ರಗಳ ಪೈಕಿ ಈಗ ಗುಡಾರ ತಡೆಯುವುದು 3ನೇ ಮಟ್ಟದವರೆಗಿನವನ್ನು ಮಾತ್ರ. ಎಲ್ಲರಿಗೂ ಮೊದಲೇ ತಿಳಿಯುವಂತೆ, ಅಚ್ಚಾದ ಅಕ್ಷರದಲ್ಲಿ ಬದಲಾಯಿಸಿದರು. ಗುಡಾರ ಹಾಕಿಕೊಂಡು ಮಲಗಿದವರನ್ನು ನಡುರಾತ್ರಿ ಎಬ್ಬಿಸಿ ನಿಯಮ ಬದಲಾಯಿತು ಎನ್ನಲಿಲ್ಲ. ಡ್ರ್ಯಾಗನ್ನಿಗೂ ಬುದ್ಧಿಯಿದೆ. ಅದು ಎಂಟು ಗಂಟೆ ಹೊರಗೆ ಕಾಯಬಹುದು, ಕುದುರೆಗಳನ್ನು ಹೊತ್ತೊಯ್ಯಬಹುದು, ಸುತ್ತಲಿನ ಕಾಡಿಗೆ ಬೆಂಕಿಯಿಟ್ಟು ಬೆಳಗ್ಗೆ ಗುಮ್ಮಟ ಕರಗುವ ಗಳಿಗೆಗೆ ಸರಿಯಾಗಿ ಎದುರು ನಿಲ್ಲಬಹುದು. ಒಳಗಿನಿಂದ ಇದೆಲ್ಲವನ್ನೂ ಆಟಗಾರರು ನೋಡುತ್ತಾರೆ, ನೋಡುತ್ತ ಯೋಜನೆ ಹಾಕುತ್ತಾರೆ. ಆ ರಾತ್ರಿ 18 ದಾಳ ಉರುಳಿಸಿ ಮುಗಿಸಿದ ರಾತ್ರಿಗಿಂತ ನೂರು ಪಾಲು ಭಯಂಕರವಾಗಿರುತ್ತದೆ.

ಮಾಂತ್ರಿಕ ಆ ಗುಡಾರಕ್ಕೆ ಬೆಲೆ ತೆತ್ತಿದ್ದಾನೆ. ವಾಲ್ ಆಫ್ ಫೋರ್ಸ್ ಹಾಕುವವನು ಇನ್ನೂ ಹೆಚ್ಚು ತೆರುತ್ತಾನೆ, ಮಂತ್ರ ಹಾಕಲು ಬೇಕಾದ 5ನೇ ಮಟ್ಟದ ಒಂದು ಸ್ಲಾಟ್ ಖರ್ಚು, ಮೇಲೆ ಹತ್ತು ನಿಮಿಷ ಏಕಾಗ್ರತೆ ಕೆಡದಂತೆ ಕಾಯುವ ಹೊಣೆ. ಅವನು ಕೊಂಡದ್ದು ಗೋಡೆ. ಅವನಿಗೆ ಗೋಡೆಯನ್ನೇ ಕೊಡಬೇಕು. ಡಂಜನ್ ಮಾಸ್ಟರ್‌ಗಳೇ, ಮುಂದಿನ ಸಲ ಡ್ರ್ಯಾಗನ್ ಬಾಯಿ ತೆರೆದಾಗ ಅಚ್ಚನ್ನು ನಕ್ಷೆಯ ಮೇಲಿಡುವ ಮುನ್ನ ಅದರ ಬಾಯಿಂದ ಮಲಗಿದವರವರೆಗೆ ಒಂದು ದಾರ ಹಿಡಿದು ನೋಡಿ. ದಾರ ಗುಮ್ಮಟಕ್ಕೆ ತಾಗಿ ನಿಂತರೆ ಯಾರಿಂದಲೂ ಸೇವಿಂಗ್ ಥ್ರೋ ಕೇಳಬೇಡಿ.